ಹಳೆಯ ಜಾವಾ ತೆಗೆದವನು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ಪ್ರಾಂಶುಪಾಲರಾದ ಶಿವಶಂಕರಪ್ಪನವರೇ, ಮಿರ್ಚಿ ಭಜಿ ಬಂತೇ ಎಂದು ಬಾಗಿಲು ನೋಡುತ್ತಿರುವ ಸಭಿಕರೇ,

ಸಾಹೇಬರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಲು ಹಿರಿಯ ಗುಮಾಸ್ತನಾದ ನನ್ನನ್ನು ನಿಲ್ಲಿಸಿದ್ದೀರಿ. ಸಾಹೇಬರು ಶಿಸ್ತಿನವರು. ಅಂಗಳದಲ್ಲಿ ಹಾಳೆ ಬಿದ್ದರೂ ಸಹಿಸದವರು ಕಂಪ್ಯೂಟರಿನಲ್ಲಿ ಹಳೆಯದು ಉಳಿದರೆ ಸಹಿಸುವರೇ?

ನಾರಾಯಣಖೇಡದ ನಮ್ಮ ಕಾಲೇಜಿಗೆ ಇರುವುದು ಒಂದೇ ಕಂಪ್ಯೂಟರ್. ಪರೀಕ್ಷೆ ನೋಂದಣಿಯ ಪ್ರೋಗ್ರಾಂ ನಡೆಯಲು ಜಾವಾ ಎಂಬ ತಂತ್ರಾಂಶದ ಹಳೆಯ ಆವೃತ್ತಿ, ಜಾವಾ ಆರು, ಬೇಕು. ಪಿಂಚಣಿ ಕಾಗದದ ಪ್ರೋಗ್ರಾಂಗೆ ಹೊಸದು, ಜಾವಾ ಏಳು. ಗುತ್ತಿಗೆಯ ಆಪರೇಟರ್ ಸ್ವರೂಪಾ ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಯಾವುದು ನಡೆಯುತ್ತಿದೆಯೋ ಅದನ್ನು ರಟ್ಟಿನ ಮೇಲೆ ಬರೆದು ಮಾನಿಟರಿಗೆ ತೂಗುಹಾಕುತ್ತಿದ್ದಳು. "ಸರ್, ರಟ್ಟು ನೋಡದೆ ಮುಟ್ಟಬ್ಯಾಡ್ರಿ" ಎಂದು ನನಗೇ ಗದರುವಳು! ಸಿರ್ಗಾಪುರದ ಕೂಲಿ ಸಾಯಪ್ಪನ ಮಗಳಿಂದ ನಾನು ಕಲಿಯುವುದೇ? ಸುಳ್ಳೇಕೆ, ಹೊಟ್ಟೆ ಉರಿಯುತ್ತಿತ್ತು.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಲವತ್ತು ದಿನ ಮುಷ್ಕರದ ಟೆಂಟಿನಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತು ಬಂದೆವು. ಕಾಲೇಜು ತೆರೆದ ಮೊದಲ ದಿನ ಸ್ವರೂಪಾ ರಜೆ. ನೋಂದಣಿಯ ಸಿಡಿ ಹೈದರಾಬಾದಿಗೆ ಮುಟ್ಟಿಸಲು ಮರುದಿನವೇ ಕೊನೆ. ರಟ್ಟಿನ ಮೇಲೆ ಜಾವಾ ಆರು ಎಂದಿತ್ತು, ಸಾಹೇಬರ ಪಿಂಚಣಿ ಕಾಗದ ಮಾತ್ರ ತೆರೆಯಲೊಲ್ಲದು. "ಹಳೇದು ಅಡ್ಡ ಬರಾಕತ್ತದ, ತೆಗದು ಬಿಡ್ರಿ ಸೂರ್ಯಕಾಂತ" ಎಂದರು. ಆಕೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ, ಜಾವಾ ಆರನ್ನು ಕಂಪ್ಯೂಟರಿನಿಂದಲೇ ತೆಗೆದೆ. ಕಾಗದ ತೆರೆಯಿತು, ಸಾಹೇಬರು ಚಹಾ ತರಿಸಿದರು.

ಮರುದಿನ ನೋಂದಣಿ ನಿಂತಿತು. ಇಂಟರ್‌ನೆಟ್ ಇಲ್ಲ. ಸ್ವರೂಪಾ ಯಾರದೋ ಮೊಪೆಡ್ ಬೇಡಿ ಜಹೀರಾಬಾದಿಗೆ ಹೋಗಿ, ಹಳೆಯ ಜಾವಾ ತರುವಷ್ಟರಲ್ಲಿ ಗಡುವು ಮುಗಿದಿತ್ತು. ಮೂವತ್ತೆಂಟು ಮಕ್ಕಳ ಒಂದು ವರ್ಷ ಹಾಳಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಕೆಯನ್ನು ಕೆಲಸದಿಂದ ತೆಗೆಯುವ ಪತ್ರವನ್ನು ನಾನೇ ಬರೆದೆ. "ನಿಮ್ಮ ಹೆಸರು ಬರ್ಕೋತೀರೇನ್ರಿ? ಇನ್ನಾ ಎಂಟು ವರ್ಷ ನೌಕರಿ ಅದ ನಿಮಗ" ಎಂದು ಸಾಹೇಬರು ಬಹಳ ಕಾಳಜಿಯಿಂದ ಕೇಳಿದ್ದರು. "ಆಪರೇಟರ್ ನಿರ್ಲಕ್ಷ್ಯ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ.

ಸಾಹೇಬರು ಕುರ್ಚಿ ಬಿಡುವ ದಿನದವರೆಗೆ ಕಾದು ಹೇಳುತ್ತಿದ್ದೇನೆ. ಇದನ್ನು ಧೈರ್ಯ ಎನ್ನಬೇಡಿ. ಹೋದ ವಾರ ಸ್ವರೂಪಾಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಒಳಗೆ ಕರೆಯಲಿಲ್ಲ.

"ನಂಗ ಗೊತ್ತಿದ್ದದ್ದೇ ನಂಗ್ಯಾಕ ಹೇಳ್ತೀರಿ ಸರ್? ಗೊತ್ತಿಲ್ಲದವರ ಮುಂದ ಹೇಳ್ರಿ" ಎಂದಳು.

ಹೇಳಿದ್ದೇನೆ. ಕೂತು ಕೇಳಿದ ನಿಮಗೆಲ್ಲ ಧನ್ಯವಾದ. ಚಪ್ಪಾಳೆ ಬೇಡ. ನಮಸ್ಕಾರ.