ಹೆಡೆಯದ್ದೋ, ಉಂಗುರದ್ದೋ?

ವೇದಿಕೆಯನ್ನು ತುಂಬಿರುವ ಅಧ್ಯಕ್ಷರೇ, ಆರು ಪುಟದ ಭಾಷಣವನ್ನು ಈಗಾಗಲೇ ಮುಗಿಸಿ ಉಪಕಾರ ಮಾಡಿರುವ ಮುಖ್ಯ ಅತಿಥಿಗಳೇ, ತಿಂಡಿಯ ಮೇಜಿನತ್ತ ಕಣ್ಣಿಟ್ಟಿರುವ ಸಭಿಕರೇ,

ನಾಗಲಿಂಗ ಮರದ ಪರಾಗದ ಮೇಲೆ ಡಾಕ್ಟರೇಟ್ ಪಡೆದ ನಮ್ಮ ಉದ್ಯಾನದ ಕಿರಿಯ ಸಹೋದ್ಯೋಗಿಗೆ ಇಂದು ಸನ್ಮಾನ. ಇವರನ್ನು ಹೊಗಳಲು ನನಗಿಂತ ಅರ್ಹರು ಯಾರಿದ್ದಾರೆ? ಅದೇ ಮರಗಳ ಬುಡದಲ್ಲಿ ಹನ್ನೊಂದು ವರ್ಷ ಮುಂಜಾನೆಯ ಇಬ್ಬನಿಯಲ್ಲಿ ನಿಂತವನು ನಾನು. ನನಗೆ ಸಿಕ್ಕಿದ್ದು ಕೆಮ್ಮು, ಇವರಿಗೆ ಸಿಕ್ಕಿದ್ದು ಹಮ್ಮು. ಕ್ಷಮಿಸಿ, ಹೆಮ್ಮೆ.

ಇವರು ಮಾಡಿದ್ದಾದರೂ ಏನು? ನಾನು ಹನ್ನೊಂದು ವರ್ಷ ಆ ಪರಾಗವನ್ನು ಸಕ್ಕರೆ ನೀರಿನಲ್ಲಿಟ್ಟು ನೋಡಿದೆ. ಒಂದು ಕಣವೂ ಮೊಳೆಯಲಿಲ್ಲ. ಇವರು ಕೆಲಸಕ್ಕೆ ಸೇರಿದ ಮೂರನೇ ದಿನ ಕೇಳಿದರು:

“ಸಾರ್, ಪರಾಗ ಎಲ್ಲಿಂದ ತಗೊಂಡ್ರಿ?”

“ಹೂವಿಂದಮ್ಮ. ಮತ್ತೇನು, ಬೇರಿಂದ ತಗೋತಾರಾ?”

“ಅಲ್ಲ ಸಾರ್, ಹೆಡೆಯದ್ದಾ, ಉಂಗುರದ್ದಾ?”

ಹೂವಿನ ಮೇಲೆ ಬಾಗಿದ ಹೆಡೆ ಕೈಗೆ ಸುಲಭ. ಕೇಸರದ ಉಂಗುರ ಅದರಡಿ ಅಡಗಿದೆ. ನಾನು ಸುಲಭದ್ದನ್ನು ಉದುರಿಸಿಕೊಂಡಿದ್ದೆ, ಅದು ಮೊಳೆಯುವ ಪರಾಗವೇ ಅಲ್ಲ. ಹೆಡೆಯದು ದುಂಬಿಯ ಊಟಕ್ಕೆ, ಉಂಗುರದ್ದು ಹೂಗಳ ಕೂಟಕ್ಕೆ. ಈ ಪ್ರಾಸವಾದರೂ ನನ್ನದು, ಇವರ ಪ್ರಬಂಧದಲ್ಲಿಲ್ಲ.

ಮುಂದಿನ ಸಂಶೋಧನೆಗೆ ಇವರಿಗೆ ನನ್ನ ದಿನಚರಿ ಬೇಕಿತ್ತು, ಯಾವ ಮರ ಯಾವಾಗ ಅರಳಿತೆಂಬ ಹನ್ನೊಂದು ವರ್ಷದ ಬರಹ. ದುರದೃಷ್ಟ, ಗೆದ್ದಲು ತಿಂದುಬಿಟ್ಟಿತು. ಎಂಥ ದಿನಚರಿ! ಐದನೇ ವರ್ಷ, ಮೂರನೇ ಮರ, ಮಾರ್ಚ್ ಒಂಬತ್ತು, ಮೊದಲ ಹೂ ಬಿರಿದದ್ದು ಆರಕ್ಕೆ ಹತ್ತು ನಿಮಿಷವಿದ್ದಾಗ. ಮೊನ್ನೆ ಮತ್ತೆ ಓದುವಾಗಲೂ ಮೈ ಜುಮ್ಮೆಂದಿತು...

ಹಾಗೆ ನೋಡಬೇಡಮ್ಮ.

ಹೌದು, ಓದುವಾಗ. ಪಾಪದ ಗೆದ್ದಲಿಗೆ ಸುಮ್ಮನೆ ಕೆಟ್ಟ ಹೆಸರು. ಹೊಟ್ಟೆಕಿಚ್ಚೇ? ಅದಕ್ಕೇನು ಕಡಿಮೆ! ನಿನ್ನ ಕೊರಳಿನ ಪದಕ ನನಗೆಷ್ಟು ಉದ್ದ ಬರುತ್ತಿತ್ತೆಂದು ಆಗಿನಿಂದ ಅಳೆಯುತ್ತಿದ್ದೇನೆ. ಆದರೆ ಬಚ್ಚಿಟ್ಟದ್ದು ಅದಕ್ಕಲ್ಲ. ಆ ದಿನಚರಿಯ ಪ್ರತಿ ಪುಟದ ಕೊನೆಗೂ ನನ್ನದೇ ದುಂಡಕ್ಷರದಲ್ಲಿದೆ, ‘ಪರಾಗ ನಿರ್ಜೀವ’. ಜೀವವಿದ್ದದ್ದು ಬೆರಳಿನಷ್ಟು ದೂರದಲ್ಲಿತ್ತು. ಅದನ್ನು ನೀನು ಓದುವುದು ನನಗೆ ಬೇಡವಾಗಿತ್ತು.

ನಾಳೆ ತಂದುಕೊಡುತ್ತೇನೆ. ತಪ್ಪಿದ್ದಲ್ಲೆಲ್ಲ ತಿದ್ದು. ಪೆನ್ಸಿಲಿನಲ್ಲಿ ತಿದ್ದಮ್ಮ, ಪೆನ್ನು ಬೇಡ.

ಸಭಿಕರೇ, ಹೊಗಳಲು ಬಂದವನನ್ನು ಇಷ್ಟು ಹೊತ್ತು ತಡೆದುಕೊಂಡಿದ್ದೀರಿ, ನಿಮಗೆ ಋಣಿ. ಮೊದಲು ಇವಳಿಗೆ, ಆಮೇಲೆ ನಿಮಗೆಲ್ಲರಿಗೂ, ನಮಸ್ಕಾರ.