ಖಾಲಿ ಸಾಲು ಕಾಣದ ಹಾಗೆ

ಅಯ್ಯಯ್ಯೋ, ಅದನ್ನ ಮುಟ್ಟಬೇಡಮ್ಮಾ! ಕಂಪ್ಯೂಟರಲ್ಲಿ ಆ ಪ್ಲಸ್ ಗುರುತು ಅಲ್ಲೇ ಇರ್ಲಿ. ಈ ಕಣ್ಣಾಸ್ಪತ್ರೆ ಆಫೀಸಲ್ಲಿ ನನ್ನ ಮರ್ಯಾದೆ ನಿಂತಿರೋದೇ ಅದರ ಮೇಲೆ... ಯಾಕೆ ನಗ್ತೀಯಾ? ನಗು, ನಗು. ಶುಕ್ರವಾರ ನಾನು ರಿಟೈರ್ ಆಗ್ತೀನಿ, ಸೋಮವಾರದಿಂದ ಈ ಕುರ್ಚಿ ನಿಂದೇ. ಆಗ ಗೊತ್ತಾಗತ್ತೆ.

ನೋಡು, ಆಪರೇಷನ್‌ಗೆ ಇಂಥ ದಿನ ಬನ್ನಿ ಅಂತ ರೋಗಿಗಳಿಗೆ ಕಾಗದ ಹೋಗ್ಬೇಕು. ಕವರ್ ಮೇಲೆ ಅಂಟಿಸೋಕೆ ವಿಳಾಸದ ಚೀಟೀನ ಈ ಕಂಪ್ಯೂಟರೇ ಅಚ್ಚು ಹಾಕತ್ತೆ. ಮೊದಲು ಹೇಗಿತ್ತು ಅಂತೀಯಾ? ಮನೆ ನಂಬರ್ ಇಲ್ದಿದ್ರೆ ಬೀದಿ ಹೆಸರಿನ ಮುಂದೆ ಒಂಟಿ ಕಾಮಾ ನೇತಾಡ್ತಿತ್ತು. ಥೂ, ಅಸಹ್ಯ! ನಾನು ನಂಬರು, ಕಾಮಾ, ಬೀದಿ, ಮೂರನ್ನೂ ಪ್ಲಸ್ ಹಾಕಿ ಪೋಣಿಸ್ದೆ. ಒಂದು ಖಾಲಿ ಇದ್ರೆ ಸಾಕು, ಸಾಲೇ ಮಾಯ! ಕೆಳಗಿನ ಸಾಲು ತಾನಾಗೇ ಮೇಲಕ್ಕೆ. ಮುತ್ತು ಪೋಣಿಸಿದ ಹಾಗಿದೆ ಅಂದ್ರು ಮ್ಯಾನೇಜರ್ ಮೇಡಂ. ನೋಡು, ಒಂದು ಚೀಟೀನ ಗೋಡೆ ಮೇಲೆ ಅಂಟಿಸಿದಾರೆ.

ಏನು? ನಂಬರ್ ಇಲ್ದಿದ್ರೆ ಅದರ ಜೊತೆ ಬೀದಿ ಹೆಸರೂ ಹೋಗಲ್ವಾ ಅಂತಾನಾ? ಕಾಮಾಗೆ ಮಾತ್ರ ಪ್ಲಸ್, ಬೀದಿಗೆ ಬೇರೆ ಗುರುತು ಹಾಕ್ಬೇಕಿತ್ತಾ? ಓಹೋ... ಬಂದು ಒಂದು ದಿನ ಆಗಿಲ್ಲ, ನನಗೇ ಪಾಠ! ಮನೆ ನಂಬರ್ ಇಲ್ಲದೋರು ಎಷ್ಟು ಜನ ಇರ್ತಾರೆ ಬಿಡು...

ಪೇಪರ್ ಬೇಕಾ? ಆ ಬೀರು ಅಲ್ಲ! ಈ ಕಡೆ, ಈ ಕಡೆ...

ಅಯ್ಯೋ, ತೆಗೆದೇಬಿಟ್ಟೆಯಾ.

ಅದಾ... ವಾಪಸ್ ಬಂದಿರೋ ಕವರ್‌ಗಳು. ಊರು ಬಿಟ್ಟಿರ್ತಾರೆ... ಹಾಗೆ ನೋಡಬೇಡಮ್ಮಾ. ಹೆಸರು, ಊರು... ಹೌದು, ಅಷ್ಟೇ ಇದೆ. ಎಲ್ಲಾ ಗಿರಣಿ ಹಿಂದಿನ ಬೀದಿಯೋರು. ಅಲ್ಲಿ ಯಾರ ಮನೆಗೂ ನಂಬರಿಲ್ಲ.

ಒಂದೊಂದೇ ತಿರುಗಿಸಿ ನೋಡ್ತಿದೀಯಾ? ಬೇಕಾದ್ರೆ ಬೈದುಬಿಡು...

ಮೊದಲನೇ ವಾರವೇ ಗೊತ್ತಾಯ್ತು ಕಣಮ್ಮಾ. ಆದ್ರೆ ಮೇಡಂ ಎಲ್ಲರೆದುರು ಹೊಗಳಿ ಎರಡೇ ದಿನ ಆಗಿತ್ತು. ಮೂವತ್ತು ವರ್ಷದಲ್ಲಿ ಅದೊಂದೇ ಸಲ! ಯಾವ ಮುಖ ಇಟ್ಕೊಂಡು ಹೋಗಿ ಹೇಳ್ಲಿ? ನಾಚಿಕೆ ಆಯ್ತು. ಬೀಗ ಹಾಕ್ಬಿಟ್ಟೆ. ಇವತ್ತೇ ನೋಡು, ಹಾಕೋದು ಮರೆತಿದ್ದು...

ಪೆನ್ ಯಾಕೆ ತಗೊಂಡೆ? ಕೈಯಲ್ಲೇ ಬರೀತೀಯಾ, ಗಿರಣಿ ಹಿಂದೆ ಅಂತ? ಮೂವತ್ತೊಂಬತ್ತು ಕವರ್ ಇದೆ...

ಬೇಡಮ್ಮಾ. ನಿಲ್ಸು. ಆ ತಾರೀಖು ಹೋದ ತಿಂಗಳೇ ಮುಗೀತು. ಕರೆದ್ರೂ ಬರಲಿಲ್ಲ ಅಂತ ಬರೆದು, ಅವರ ಹೆಸರನ್ನೂ ನಾನೇ ಆಪರೇಷನ್ ಪಟ್ಟಿಯಿಂದ ತೆಗೆದೆ.

ಅವರ ಜಾಗ ಖಾಲಿ ಇಲ್ಲ ಈಗ. ಕೆಳಗಿದ್ದೋರು ಮೇಲಕ್ಕೆ ಬಂದಿದಾರೆ.