ಹೊಳ್ಳಿ ಹೊಂಟ ಆಯೇರಿ ಸೀರಿ

ಸೊಲ್ಲಾಪುರದ ನಿಲ್ದಾಣದಲ್ಲಿ ಅಕ್ಕಲಕೋಟೆ ಬಸ್ಸಿನ ಸುಳಿವೇ ಇರಲಿಲ್ಲ. ಬಂಡೆಪ್ಪ ಸಿಡಿಮಿಡಿಗೊಂಡು ಸಾಲಿನಲ್ಲಿ ನಿಂತಿದ್ದ. ಅವನ ಮುಂದಿದ್ದ ಹುಡುಗಿ ಸಮಾಜಶಾಸ್ತ್ರದ ಪುಸ್ತಕ ಮಡಚಿ ತಾಯಿಯ ಚೀಲದೊಳಗೆ ಇಣುಕಿದಳು.

“ಯವ್ವಾ, ಇದು ಸೋಮೇಶ ಮಾಮಾ ನಿನಗ ಆಯೇರಿ ಮಾಡಿದ ಸೀರಿ. ಅವನ ಮಗಳ ಲಗ್ನಕ್ಕ ಇದನ್ನ ಯಾಕ ಒಯ್ಯಾಕತ್ತಿ? ಮರತೇನು?”

“ಮರತಿಲ್ಲ. ಒಡಹುಟ್ಟಿದ ಅಕ್ಕಗ ಕುಂಕುಮ ಹಚ್ಚಿ ಕರೀಲಿಲ್ಲ, ಮೊಬೈಲಿಗೆ ಪತ್ರಿಕಾ ಒಗದಾನ. ಅವನ ಸೀರಿ ಅವನ ಮಾರಿಗೇ ಒಗದು ಬರತೀನಿ.”

“ಕೊಟ್ಟದ್ದನ್ನ ಹಂಗ ಹೊಳ್ಳಿ ಕೊಟ್ರ ಸಂಬಂಧ ಮುಗೀತದ ಅಂತ ಈ ಪುಸ್ತಕದಾಗ ಬರದಾರ.”

“ಅಷ್ಟು ತಿಳ್ಯಾಕ ನಿನಗ ಪುಸ್ತಕ ಬೇಕಾತೇನು? ಮುಗಸಾಕ ಹೊಂಟೀನಿ.”

“ಮುಗಸೂದಿದ್ರ ಕೊರಿಯರ್ ಮಾಡಬೇಕಿತ್ತು. ಮುಂಜಾನಿ ಎದ್ದು ಶೇಂಗಾ ಹೋಳಗಿ ಯಾರಿಗೆ ಮಾಡಿದಿ?”

“ಮದುಮಗಳಿಗೆ.”

“ಮಾಮಾಗ ಸೇರತದಂತ ಬೆಲ್ಲ ಜಾಸ್ತಿ ಹಾಕಿದ್ದು?”

ತಾಯಿ ಚೀಲದೊಳಗಿನ ಸೀರೆಯ ಅಂಚು ತಿಕ್ಕುತ್ತ ನಿಂತಳು.

“ಉಟಗೊಂಡು ಹೋಗು, ಯವ್ವಾ. ಅವನೇ ನಾಚಲಿ.”

“ಎಲ್ಲಿ ಉಡ್ಲಿ? ಬಸ್ಸು ಬಂತು ನೋಡು.”

ಬಂಡೆಪ್ಪನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕಿಟಕಿಯೊಳಗೆ ಎಸೆದ.

“ಸೀಟು ಹಿಡದೀನಿ ಅಕ್ಕಾರ, ಉಟಗೊಂಡು ಬರ್ರಿ. ಲಗೂನ!”

ಇಬ್ಬರೂ ಹೆಂಗಸರ ಕೋಣೆಯ ಕಡೆಗೆ ಓಡಿದರು. ತಾಯಿ ಮುಂದೆ, ಮಗಳು ಹಿಂದೆ.